ನ್ಯಾಯಕ್ಕೆ ನೆರವಾಗುವ ಮನಶ್ಶಾಸ್ತ್ರ

ಆಟದ ಬಯಲಿನಲ್ಲಿ ಜಗಳವಾದರೆ ಅದನ್ನು ಕಂಡ ನಾಲ್ವರು ಅಧ್ಯಾಪಕರ ಕೋಣೆಗೆ ಬಂದು ನಾಲ್ಕು ಬಗೆಯಾಗಿ ಹೇಳುವುದುಂಟು. ಅವರಲ್ಲಿ ಯಾರೂ ಸುಳ್ಳು ಹೇಳುತ್ತಿರಲಾರರು. ಹಾಗಾದರೆ ಈ ವ್ಯತ್ಯಾಸವೇಕೆ? ಇದೇ ಪ್ರಶ್ನೆ ನ್ಯಾಯಾಲಯದಲ್ಲಿ ಎದ್ದಾಗ ಒಬ್ಬ ನಿರಪರಾಧಿಯ ಬಾಳೇ ಅದರ ಉತ್ತರವನ್ನು ಅವಲಂಬಿಸಿರಬಹುದು. ಇಂತಹ ಪ್ರಶ್ನೆಗಳನ್ನು ಅಭ್ಯಸಿಸುವ ಶಾಸ್ತ್ರವೇ ಫೊರೆನ್ಸಿಕ್ ಸೈಕಾಲಜಿ. ಕನ್ನಡದಲ್ಲಿ ಇದನ್ನು ನ್ಯಾಯ ಮನಶ್ಶಾಸ್ತ್ರ ಎನ್ನಬಹುದು.

ಅಮೆರಿಕದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಎಂಬವರು 1974ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. 150 ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಲನಚಿತ್ರ ತೋರಿಸಲಾಯಿತು. 50 ಮಂದಿಯಲ್ಲಿ, ಕಾರುಗಳು ಡಿಕ್ಕಿ ಹೊಡೆದಾಗ ವೇಗವೆಷ್ಟಿತ್ತು ಎಂದು ಕೇಳಿದರು. ಇನ್ನು 50 ಮಂದಿಯಲ್ಲಿ, ಅಪ್ಪಳಿಸಿದಾಗ ವೇಗವೆಷ್ಟಿತ್ತು ಎಂದು ಕೇಳಿದರು. ಉಳಿದವರಲ್ಲಿ ವೇಗದ ಮಾತೆತ್ತಲಿಲ್ಲ. ಒಂದು ವಾರದ ಬಳಿಕ, ಒಡೆದ ಗಾಜನ್ನು ಕಂಡಿರಾ ಎಂದು ಎಲ್ಲರಲ್ಲೂ ವಿಚಾರಿಸಿದರು. ಮೊದಲ ಗುಂಪಿನಲ್ಲಿ 7 ಮಂದಿ, ಎರಡನೆಯ ಗುಂಪಿನಲ್ಲಿ 16 ಮಂದಿ ಹೌದೆಂದರು. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ! ಪ್ರಶ್ನೆಯ ಒಂದು ಪದ ನೆನಪನ್ನೇ ತಿದ್ದಬಲ್ಲುದೆಂದು ಇದರಿಂದ ತಿಳಿಯುತ್ತದೆ.

ಸಿನೆಮಾದಲ್ಲಿ ಕಾಣುವಂತೆ ಯಂತ್ರವಿಟ್ಟು ಸುಳ್ಳನ್ನು ಹಿಡಿಯುವುದಷ್ಟೇ ಈ ವಿದ್ಯೆಯಲ್ಲ. ಕರ್ನಾಟಕದಿಂದ ಹೋದ ಸೆಲ್ವಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2010ರ ಮೇ 5ರಂದು ತೀರ್ಪಿತ್ತು, ಸುಳ್ಳುಪತ್ತೆ ಪರೀಕ್ಷೆ, ಮಂಪರು ಪರೀಕ್ಷೆ ಮೊದಲಾದವನ್ನು ಯಾರ ಮೇಲೂ ಬಲವಂತವಾಗಿ ನಡೆಸಬಾರದೆಂದಿತು. ಮನುಷ್ಯನ ಮನಸ್ಸಿಗೂ ಕಾನೂನಿನ ರಕ್ಷಣೆಯಿದೆ ಎಂಬುದನ್ನು ಇದನ್ನು ಕಲಿಯುವವರು ಮೊದಲು ಅರಿಯಬೇಕು.

ಪ್ಲಸ್ ಟು ಆದ ಮೇಲೆ ಮನಶ್ಶಾಸ್ತ್ರವನ್ನು ಮುಖ್ಯ ವಿಷಯವಾಗಿ ಆರಿಸಿ ಬಿ.ಎ. ಅಥವಾ ಬಿ.ಎಸ್‌ಸಿ. ಪದವಿ ಪಡೆಯಬೇಕು. ಅನಂತರ ನ್ಯಾಯ ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ವ್ಯಾಸಂಗ. 2020ರ ಕಾಯಿದೆಯಂತೆ ರಾಷ್ಟ್ರೀಯ ಸಂಸ್ಥೆಯಾದ ಗಾಂಧಿನಗರದ ನ್ಯಾಷನಲ್ ಫೊರೆನ್ಸಿಕ್ ಸೈನ್ಸಸ್ ಯೂನಿವರ್ಸಿಟಿಯಲ್ಲಿ ಈ ವಿಷಯದ ಎಂ.ಎಸ್‌ಸಿ. ಇದೆ. ಮನೋರೋಗಿಗಳಿಗೆ ಚಿಕಿತ್ಸೆ ನೀಡಬೇಕಾದರೆ ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ತರಬೇತಿಯೂ ನೋಂದಣಿಯೂ ಬೇಕು.

ಕಲಿತವರಿಗೆ ಅಪರಾಧ ಪ್ರಯೋಗಾಲಯ, ಸೆರೆಮನೆ, ಬಾಲಮಂದಿರ, ಅಧ್ಯಾಪನ, ಸಂಶೋಧನೆ ಮೊದಲಾದ ದಾರಿಗಳಿವೆ. 16ರಿಂದ 18 ವರ್ಷದೊಳಗಿನ ಮಕ್ಕಳ ಮೇಲೆ ಘೋರ ಅಪರಾಧದ ಆರೋಪ ಬಂದಾಗ, ಬಾಲನ್ಯಾಯ ಮಂಡಳಿಯು ಅನುಭವಿ ಮನಶ್ಶಾಸ್ತ್ರಜ್ಞರ ನೆರವು ಪಡೆಯಬಹುದೆಂದು 2015ರ ಕಾಯಿದೆ ಹೇಳುತ್ತದೆ. ಆ ಮಗುವಿನ ಮುಂದಿನ ಬದುಕು ಎಷ್ಟೋ ಮಟ್ಟಿಗೆ ಅಂತಹವರ ಮಾತಿನ ಮೇಲೆ ನಿಂತಿರುತ್ತದೆ.

ಹೆತ್ತವರಲ್ಲಿ ನನ್ನದೊಂದು ವಿನಂತಿ. ಅಂಕ ಕಡಿಮೆಯಾದವರು ಕಲಿಯುವ ವಿಷಯವಿದು ಎಂದು ಮಕ್ಕಳನ್ನು ತಡೆಯಬೇಡಿ. ಹೆದರಿದ ಮಗು ತನ್ನ ಮನೆಮಾತಿನಲ್ಲಿಯೇ ಮನಬಿಚ್ಚಿ ಮಾತಾಡೀತು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಆಡುವ ನಮ್ಮ ಮಕ್ಕಳು ಅಂತಹ ಮಗುವಿನ ಎದುರು ಕುಳಿತು, ಪದ ತಪ್ಪದಂತೆ ಕೇಳಿಸಿಕೊಳ್ಳಬಲ್ಲರು. ಗಡಿನಾಡಿನಲ್ಲಿ ಹುಟ್ಟಿದ್ದು ಅವರಿಗೆ ಕೊರತೆಯಲ್ಲ, ಬಂಡವಾಳ.