ಹಳ್ಳದ ಮೀನಿಗೆ ದಾಸ್ತಾನು ಲೆಕ್ಕ ಇಟ್ಟವರುಂಟೇ?

ಶಿವಮೊಗ್ಗದ ಮೀನು ಮಾರ್ಕೆಟ್ಟಿಗೆ ಹೋಗಿ "ಹೊಳೆ ಮೀನು ಇದೆಯೇನ್ರೀ?" ಅಂತ ಕೇಳಿ ನೋಡಿ. ಕಟ್ಲಾ ತೋರಿಸ್ತಾರೆ, ರೋಹು ತೋರಿಸ್ತಾರೆ, ಅಗ್ಗದ್ದು ಬೇಕೆಂದರೆ ಜಿಲೇಬಿ ತೋರಿಸ್ತಾರೆ. ಈ ಮೂರರಲ್ಲಿ ಒಂದೂ ತುಂಗೆಯ ಹುಟ್ಟಾ ನಿವಾಸಿಯಲ್ಲ. ಕಟ್ಲಾ, ರೋಹು ಉತ್ತರದ ದೊಡ್ಡ ನದಿಗಳವು. ಜಿಲೇಬಿ ಆಫ್ರಿಕಾದಿಂದ ಬಂದದ್ದು. ಮರಿ ತಂದು ಕೆರೆಗೋ ಜಲಾಶಯಕ್ಕೋ ಬಿಟ್ಟು ಬೆಳೆಸಿದ ಮಾಲು.

ಹಾಗಾದರೆ ತುಂಗೆಯ ಸ್ವಂತ ಮೀನು ಎಲ್ಲಿ?

ಅದಕ್ಕೆ ಗಾಜನೂರು ಅಣೆಕಟ್ಟು ಬಿಟ್ಟು ಮೇಲೆ ಹೋಗಬೇಕು. ತೀರ್ಥಹಳ್ಳಿ ದಾಟಿ, ಶೃಂಗೇರಿ ದಾಟಿ, ಕುದುರೆಮುಖದ ಕಾಡಿನ ಗಂಗಾಮೂಲದ ಕಡೆಗೆ. ತುಂಗೆ, ಭದ್ರೆ, ನೇತ್ರಾವತಿ ಮೂವರೂ ಹುಟ್ಟುವ ಜಾಗ ಅದು. ಅಲ್ಲಿ ತುಂಗೆ ಅಂದರೆ ಪಂಚೆ ಎತ್ತಿ ಕಟ್ಟಿಕೊಂಡು ದಾಟಬಹುದಾದ ಹಳ್ಳ. ಅಂಥ ಹಳ್ಳದಲ್ಲಿ ಸಿಕ್ಕ ಬೆರಳುದ್ದದ ಒಂದು ಮೀನಿಗೆ 2015ರಲ್ಲಿ ವಿಜ್ಞಾನಿಗಳು ಪೆಥಿಯಾ ಸ್ಟ್ರಿಯಾಟಾ ಅಂತ ಹೊಸ ಹೆಸರಿಟ್ಟರು. ಅಲ್ಲಿಯವರೆಗೆ ಅದು ಯಾವ ಪಟ್ಟಿಯಲ್ಲೂ ಇರಲಿಲ್ಲ. ನಮ್ಮ ನಲ್ಲಿಗೆ ಬರುವ ನೀರಿನ ಬುಡದಲ್ಲೇ ಇತ್ತು ನೋಡಿ, ನಮಗೆ ಗೊತ್ತಿರಲಿಲ್ಲ.

ಇದೊಂದೇ ಅಲ್ಲ. ಹೊಸನಗರದಿಂದ ಕೊಲ್ಲೂರಿಗೆ ಹೋಗುವ ಬಸ್ಸಿನವರಿಗೆ ನಾಗೋಡಿ ಗೊತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಶರಾವತಿ ಕಣಿವೆಯ ಮೀನುಗಳನ್ನು ಸಮೀಕ್ಷೆ ಮಾಡಿದಾಗ ಸಿಕ್ಕ ಹೊಸ ಮೀನೊಂದಕ್ಕೆ ಆ ಊರಿನ ಹೆಸರೇ ಬಿತ್ತು: ಷಿಸ್ಟುರಾ ನಾಗೋಡಿಯೆನ್ಸಿಸ್, 2006ರಲ್ಲಿ. ಅದಕ್ಕೆ ಎರಡು ವರ್ಷ ಮುಂಚೆ, 2004ರಲ್ಲಿ, ಶರಾವತಿಯದೇ ಹೆಸರಿನ ಇನ್ನೊಂದು ಮೀಸೆ ಮೀನು ಪಟ್ಟಿಗೆ ಸೇರಿತ್ತು. ನಾಗೋಡಿಯಲ್ಲಿ ಇಳಿದು ಟೀ ಕುಡಿಯುವವರಲ್ಲಿ ಎಷ್ಟು ಜನಕ್ಕೆ ಈ ಸಂಗತಿ ಗೊತ್ತೋ!

ಅಂಗಡಿ ಇಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವರ್ಷಕ್ಕೊಮ್ಮೆ ದಾಸ್ತಾನು ಲೆಕ್ಕ ತೆಗೆಯದಿದ್ದರೆ ಕಳುವಾದದ್ದೂ ಗೊತ್ತಾಗೋದಿಲ್ಲ, ಇಲಿ ತಿಂದದ್ದೂ ಗೊತ್ತಾಗೋದಿಲ್ಲ. ಹಳ್ಳದ ಕತೆಯೂ ಅಷ್ಟೇ. 2011ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ವರದಿಯೊಂದು ಪಶ್ಚಿಮ ಘಟ್ಟದ ಸಿಹಿನೀರಿನ ಮೀನುಗಳನ್ನು ಎಣಿಸಿ ಸುಮಾರು 290 ಜಾತಿ ಅಂದಿತು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಮೂರರಲ್ಲಿ ಒಂದು ಪಾಲು ಅಪಾಯದಲ್ಲಿವೆ. ಇದು ಎಣಿಕೆಗೆ ಸಿಕ್ಕವುಗಳ ಮಾತು.

ಎಣಿಸೋದು ಹೇಗೆ? ಹೊಳೆಯ ಮೀನನ್ನೆಲ್ಲ ಹಿಡಿದು ಗುಡ್ಡೆ ಹಾಕೋದಲ್ಲ. ಕಾಡೊಳಗಾದರೆ ಮೊದಲು ಅರಣ್ಯ ಇಲಾಖೆಯ ಅನುಮತಿ ಬೇಕು. ಆಮೇಲೆ ಹಳ್ಳದಲ್ಲಿ ಒಂದು ತುಂಡು ಗುರುತು ಮಾಡ್ತಾರೆ, ನೂರು ಮೀಟರು ಅಂತಿಟ್ಟುಕೊಳ್ಳಿ. ಅದರಲ್ಲಿ ಕಲ್ಲಿನ ಮೇಲೆ ಹರಿಯುವ ಝರಿ ಎಷ್ಟು, ನಿಂತ ಗುಂಡಿ ಎಷ್ಟು, ನೆರಳು ಎಷ್ಟು, ನೀರು ಎಷ್ಟು ತಣ್ಣಗಿದೆ, ಎಷ್ಟು ಜೋರಾಗಿ ಹರಿಯುತ್ತಿದೆ, ಅದರಲ್ಲಿ ಪ್ರಾಣವಾಯು ಎಷ್ಟು ಎಲ್ಲ ಬರೆದುಕೊಳ್ತಾರೆ. ಗುಂಡಿಗೆ ಬೀಸುಬಲೆ, ಝರಿಗೆ ಸಣ್ಣ ಕಣ್ಣಿನ ಕೈಬಲೆ. ಸಿಕ್ಕಿದ್ದನ್ನು ಬಕೆಟ್ಟಿನಲ್ಲಿಟ್ಟು ಜಾತಿ ನೋಡಿ, ಉದ್ದ ಅಳೆದು, ಫೋಟೋ ತೆಗೆದು ವಾಪಸ್ಸು ನೀರಿಗೇ ಬಿಡೋದು. ಗುರುತು ಹತ್ತದ ಒಂದೆರಡನ್ನು ಮಾತ್ರ ಔಷಧಿ ಬಾಟಲಿಗೆ ಹಾಕಿ ಒಯ್ತಾರೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ನೀರು ಇಳಿದ ಮೇಲೆ ಒಮ್ಮೆ, ಅದೇ ಜಾಗಕ್ಕೆ ಮತ್ತೆ ಬರಬೇಕು. ಜಿಗಣೆ ಕಚ್ಚಿಸಿಕೊಂಡು ಮಾಡುವ ಕೆಲಸ.

ಸಿಗುವ ಮೀನುಗಳಾದರೂ ಎಂಥವು! ಒಂದಕ್ಕೆ ಬಾಯಿಯ ಅಡಿಯಲ್ಲಿ ಚಪ್ಪಟೆ ಬಿಲ್ಲೆ ಇರುತ್ತೆ. ಅದನ್ನು ಬಂಡೆಗೆ ಒತ್ತಿ ಹಿಡಿದು ಎಂಥ ಸೆಳೆತದಲ್ಲೂ ಅಲ್ಲಾಡದೆ ಕೂತು ಪಾಚಿ ಕೆರೆದು ತಿನ್ನುತ್ತೆ. ಇನ್ನೊಂದು ಬೆಣಚುಕಲ್ಲಿನ ಸಂದಿಯಲ್ಲಿ ಕಲ್ಲಿನದೇ ಪಟ್ಟೆ ಬಣ್ಣ ಹೊತ್ತು ಮಲಗಿರುತ್ತೆ, ಕಾಲಿಟ್ಟರೂ ಕಾಣೋದಿಲ್ಲ. ಇವಕ್ಕೆ ತಣ್ಣನೆಯ ಹರಿಯುವ ನೀರೇ ಬೇಕು. ಹೂಳು ತುಂಬಿ ಕಲ್ಲಿನ ಸಂದಿ ಮುಚ್ಚಿದರೆ ಮನೆಯ ಬಾಗಿಲು ಮುಚ್ಚಿದ ಹಾಗೆ. ಮಾರ್ಕೆಟ್ಟಿನಲ್ಲಿ ಇವಕ್ಕೆ ಕಿಲೋಗೆ ಇಷ್ಟು ಅಂತ ಬೆಲೆ ಇಲ್ಲ. ತಕ್ಕಡಿಗೆ ಬಾರದ ಮೀನಿನ ಪರವಾಗಿ ಮಾತಾಡೋರೂ ಕಡಿಮೆ.

ಎಣಿಸಿದರೆ ಏನು ಉಪಯೋಗ ಅನ್ನೋರಿಗೆ ಒಂದು ಉದಾಹರಣೆ. ನೇತ್ರಾವತಿಯ ಮೇಲ್ಭಾಗದ ಹಳ್ಳಗಳಲ್ಲಿ ಕಿರು ಜಲವಿದ್ಯುತ್ ಘಟಕ ಇರುವ ಹಳ್ಳವನ್ನೂ ಇಲ್ಲದ ಹಳ್ಳವನ್ನೂ ಪಕ್ಕಪಕ್ಕ ಇಟ್ಟು ನೋಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಕಟ್ಟೆ ಕಟ್ಟಿ ನೀರು ತಿರುಗಿಸಿದ ಕಡೆ ನೀರು ಬಿಸಿ, ಪ್ರಾಣವಾಯು ಕಡಿಮೆ, ಮೀನಿನ ಸಂಸಾರವೇ ಬದಲು. "ಚಿಕ್ಕ ಯೋಜನೆ, ಯಾರಿಗೂ ತೊಂದರೆ ಇಲ್ಲ" ಅನ್ನುವ ಮಾತಿಗೆ ಉತ್ತರ ಕೊಡಲು ಅಂಕಿಸಂಖ್ಯೆ ಸಿಕ್ಕಿದ್ದು ಹೀಗೆ.

ದೇವಸ್ಥಾನದ ಮೀನು ಇವೆಯಲ್ಲ, ಅವನ್ನು ಯಾರೂ ಮುಟ್ಟೋದಿಲ್ಲ ಅಂತೀರಿ. ನಿಜ. ಶೃಂಗೇರಿಯ ಮೆಟ್ಟಿಲ ಬಳಿ ಮಂಡಕ್ಕಿ ಎಸೆಯದೆ ಬಂದವರಾರು? ಆದರೆ ದೇವರ ಹೆಸರಿನ ಕಾವಲು ದೊಡ್ಡ ಮೀನಿಗೆ, ಆ ಒಂದು ಮಡುವಿಗೆ. ಅದೂ ಗಟ್ಟಿ ಕಾವಲಲ್ಲ. ಘಟ್ಟದ ಕೆಳಗೆ ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ 1996ರಲ್ಲಿ ಯಾರೋ ಹೊಳೆಗೆ ವಿಷ ಬೆರೆಸಿ ದೇವರ ಮೀನುಗಳನ್ನು ಕೊಂದರು. ಊರವರು ಸತ್ತ ಮೀನುಗಳಿಗೆ ಸ್ಮಾರಕ ಕಟ್ಟಿದರು. ಮೊಳದುದ್ದದ ಮೀನು ಹೊಟ್ಟೆ ಮೇಲಾಗಿ ತೇಲಿದ್ದು ಎಲ್ಲರಿಗೂ ಕಂಡಿತು. ಮೇಲಿನ ಹಳ್ಳದಲ್ಲಿ ಬೆರಳುದ್ದದ್ದು ತೇಲಿ ಹೋದರೆ ಯಾರು ನೋಡ್ತಾರೆ? ತೋಟೆ ಸಿಡಿಸೋದು, ನೀರಿಗೆ ವಿಷ ಹಾಕೋದು ಎರಡನ್ನೂ ಬ್ರಿಟಿಷರು 1897ರಲ್ಲೇ ಕಾಯಿದೆ ಮಾಡಿ ತಡೆದಿದ್ದರು. ಆದರೂ ಬೇಸಿಗೆಯಲ್ಲಿ ಹಳ್ಳ ಗುಂಡಿಗುಂಡಿಯಾಗಿ ನಿಂತಾಗ ಒಂದು ಪೊಟ್ಟಣ ಬ್ಲೀಚಿಂಗ್ ಪೌಡರ್ ಸಾಕು, ಮರಿಯೂ ಉಳಿಯೋದಿಲ್ಲ.

ಇನ್ನು ಹತ್ತುಮೀನಿನ ವಿಚಾರ. ಮುಂಗಾರಿನ ಮೊದಲ ಜೋರು ಮಳೆಗೆ ಮೊಟ್ಟೆ ಇಡಲು ಮೀನು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಹತ್ತುತ್ತವೆ. ರಾತ್ರಿ ಬ್ಯಾಟರಿ, ಕತ್ತಿ, ಕೂಣಿ ಹಿಡಿದು ಹೊರಡೋದು ಮಲೆನಾಡಿನಲ್ಲಿ ಒಂಥರಾ ಹಬ್ಬ. ನಾನೇನು ಸಾಚಾ ಅಲ್ಲ, ಆ ಸಾರು ಉಂಡವನೇ. ಒಂದು ಮನೆಯವರು ಒಂದು ಕೂಣಿ ಇಟ್ಟರೆ ಮಿಕ್ಕವು ಹತ್ತಿ ಹೋಗುತ್ತವೆ. ಹಳ್ಳದ ಈ ದಡದಿಂದ ಆ ದಡಕ್ಕೆ ಬಲೆ ಕಟ್ಟಿದರೆ? ಹೊಟ್ಟೆ ತುಂಬ ಮೊಟ್ಟೆ ಇದ್ದದ್ದೇ ಚೀಲ ಸೇರುತ್ತೆ. ಮುಂದಿನ ವರ್ಷದ ಮಾಲು ಈ ವರ್ಷವೇ ಖಾಲಿ.

2002ರ ಜೀವವೈವಿಧ್ಯ ಕಾಯಿದೆ ಬಂದ ಮೇಲೆ ಪ್ರತಿ ಗ್ರಾಮ ಪಂಚಾಯಿತಿಯೂ ಒಂದು ಸಮಿತಿ ಮಾಡಿ ತನ್ನ ವ್ಯಾಪ್ತಿಯ ಗಿಡ, ಪ್ರಾಣಿ, ಮೀನುಗಳ ದಾಖಲೆ ಪುಸ್ತಕ ಇಡಬೇಕು. ಬೆಂಗಳೂರಿನವರು ಬರುವವರೆಗೆ ಕಾಯಬೇಕಿಲ್ಲ. ಯಾವ ಗುಂಡಿಯಲ್ಲಿ ಯಾವ ಮೀನು, ಅದು ಯಾವ ಮಳೆಗೆ ಹತ್ತುತ್ತೆ, ಯಾವುದು ಹತ್ತು ವರ್ಷದಿಂದ ಕಂಡಿಲ್ಲ ಅಂತ ಹೇಳಬಲ್ಲ ಗಾಳದ ಅಜ್ಜಂದಿರು ಊರೂರಲ್ಲಿದ್ದಾರೆ. ಅವರು ಹೋದ ಮೇಲೆ ಕೇಳೋದು ಯಾರನ್ನ?

ನೀವು ಮುಂದಿನ ಸಲ ಊರಿಗೆ ಹೋದಾಗ, ಕಂದಾಯ ಕಟ್ಟಲು ಪಂಚಾಯಿತಿ ಕಚೇರಿ ಹತ್ತಿದಾಗ, ಆ ಪುಸ್ತಕ ಕೇಳಿ. ಮೀನಿನ ಪುಟ ತೆಗೆಸಿ ನೋಡಿ. ಅಲ್ಲೂ ಕಟ್ಲಾ, ರೋಹು, ಜಿಲೇಬಿ ಅಂತಲೇ ಬರೆದಿದ್ದರೆ ನಮ್ಮ ಕಚೇರಿಗೆ ಒಂದು ಕಾರ್ಡು ಹಾಕಿ.