ಇಂಜಿನು ಬದಲಿಸುವ ಮುನ್ನ

ಹಳೆಯ ಮೋಟಾರು ಗಾಡಿಯು ಹೊಗೆಯುಗುಳಲಾರಂಭಿಸಿ, ಏರಿನಲ್ಲಿ ಏದುಸಿರು ಬಿಡತೊಡಗಿದೊಡನೆ ಅದರ ಯಜಮಾನನಿಗೆ ಎಲ್ಲೆಡೆಯಿಂದಲೂ ದೊರೆಯುವ ಹಿತೋಕ್ತಿ ಒಂದೇ: "ಹಳೆಯ ಇಂಜಿನನ್ನು ಗುಜರಿಗೆ ಹಾಕಿರಿ, ಬೇರೊಂದನ್ನು ಕೂಡ್ರಿಸಿರಿ." ಭೋಸರಿಯ ಸುತ್ತಮುತ್ತ ನೆಲಸಿರುವ ನಮ್ಮ ವಾಚಕರಲ್ಲಿ ತಂದೆಯ ಕಾಲದ ಫಿಯೆಟನ್ನು ಇನ್ನೂ ಇರಿಸಿಕೊಂಡಿರುವವರು ಇದ್ದಾರೆ. ಅಂಥವರು ಈ ಮಾತಿಗೆ ಕಿವಿಗೊಡುವ ಮುನ್ನ ಕೆಲವು ಸಂಗತಿಗಳನ್ನು ಪರ್ಯಾಲೋಚಿಸಬೇಕೆಂದು ನಾವು ವಿನಂತಿಸುತ್ತೇವೆ.

ಈ ಗಾಡಿಗೂ ಕನ್ನಡಿಗರಿಗೂ ಹಳೆಯ ನಂಟಿದೆ. ನಮ್ಮ ದೇಶದಲ್ಲಿಯೇ ಮೋಟಾರು ತಯಾರಾಗಬೇಕೆಂದು 1930ರ ದಶಕದಲ್ಲಿ ಯೋಜನೆ ಸಿದ್ಧಪಡಿಸಿ, ಅದಕ್ಕಾಗಿ ದೇಶವಿದೇಶ ಸುತ್ತಿದವರು ಸರ್ ಎಂ. ವಿಶ್ವೇಶ್ವರಯ್ಯನವರು. ಉದ್ಯಮಿ ವಾಲಚಂದ ಹಿರಾಚಂದರು ಅದನ್ನು ಕೈಗೆತ್ತಿಕೊಂಡರು. ಮೈಸೂರು ಸಂಸ್ಥಾನವು ನೆರವೀಯಲು ಮುಂದಾದರೂ ಬ್ರಿಟಿಷ್ ಸರಕಾರವು ಒಲಿಯಲಿಲ್ಲ. ಕಡೆಗೆ 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಸಂಸ್ಥೆಯು ಸ್ಥಾಪಿತವಾಯಿತು. ಅದು 1964ರಲ್ಲಿ ಹೊರತಂದ ಫಿಯೆಟ್ 1100 ಡಿಲೈಟೇ ಮುಂದೆ ಪ್ರೀಮಿಯರ್ ಪದ್ಮಿನಿಯೆಂದು ಮನೆಮಾತಾಯಿತು. ಈ ಶತಮಾನದ ಆರಂಭದ ಹೊತ್ತಿಗೆ ಅದರ ತಯಾರಿಕೆ ನಿಂತಿತು. 2023ರ ಅಕ್ಟೋಬರಿನಲ್ಲಿ ಮುಂಬಯಿಯ ಟ್ಯಾಕ್ಸಿಗಳ ಸಾಲಿನಿಂದಲೂ ಅದು ಕಣ್ಮರೆಯಾಯಿತು. ಉಳಿದಿರುವ ಗಾಡಿಗಳು ಉಳಿದಷ್ಟೇ.

ಇದರ ಇಂಜಿನಿನಲ್ಲಿ ಗೂಢವಾದುದೇನೂ ಇಲ್ಲ. ನಾಲ್ಕು ಸಿಲಿಂಡರುಗಳು, ಒಂದೊಂದರ ವ್ಯಾಸ 68 ಮಿಲಿಮೀಟರು, ಪಿಸ್ಟನ್ನಿನ ಓಟ 75 ಮಿಲಿಮೀಟರು, ಒಟ್ಟು 1089 ಸಿಸಿ. ಬ್ಲಾಕು ಎರಕದ ಕಬ್ಬಿಣದ್ದು, ಹೆಡ್ಡು ಅಲ್ಯುಮಿನಿಯಮ್ಮಿನದು. ರೋಗವನ್ನು ಅದು ತಾನೇ ಹೇಳಿಕೊಳ್ಳುತ್ತದೆ. ಕಪ್ಪು ಹೊಗೆಯಾದರೆ ಪೆಟ್ರೋಲು ಮಿತಿಮೀರಿ ಉರಿಯುತ್ತಿದೆ; ದೋಷ ಕಾರ್ಬ್ಯುರೇಟರಿನಲ್ಲಿರಬಹುದು. ನೀಲಿ ಹೊಗೆಯಾದರೆ ಎಣ್ಣೆ ಸುಡುತ್ತಿದೆ. ಇಂಜಿನು ಬಿಸಿಯಾದ ಮೇಲೆಯೂ ಬಿಳಿ ಹೊಗೆ ನಿಲ್ಲದಿದ್ದರೆ ನೀರು ಒಳಸೇರುತ್ತಿದೆಯೆಂದು ಶಂಕಿಸಬೇಕು. ಮುಂದಿನದು ಕಂಪ್ರೆಶನ್ ಪರೀಕ್ಷೆ. ಒತ್ತಡ ಕಡಿಮೆಯಿರುವ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆಯಬೇಕು. ಒತ್ತಡ ಏರಿದರೆ ಸವೆದಿರುವುದು ರಿಂಗು ಅಥವಾ ಸಿಲಿಂಡರು. ಏರದಿದ್ದರೆ ಹೆಚ್ಚಾಗಿ ವಾಲ್ವುಗಳದೇ ತಪ್ಪು. ಇಷ್ಟನ್ನೂ ನೋಡದೆ ಇಂಜಿನನ್ನೇ ಇಳಿಸುವುದೆಂದರೆ, ನಾಡಿ ಹಿಡಿಯದೆಯೇ ಶಸ್ತ್ರಚಿಕಿತ್ಸೆಗೆ ಕೈಹಾಕಿದಂತೆ.

ಸವೆದುದಕ್ಕೆಲ್ಲ ಮದ್ದುಂಟು. ಹೋಟೆಲಿನವರು ನುಣುಪಾದ ರುಬ್ಬುಗಲ್ಲನ್ನು ಎಸೆಯುತ್ತಿರಲಿಲ್ಲ; ಉಳಿಯಿಂದ ಕೆತ್ತಿಸಿ ಮತ್ತೆ ಕೆಲಸಕ್ಕೆ ಹಚ್ಚುತ್ತಿದ್ದರು. ಸಿಲಿಂಡರಿನ ಮಾತೂ ಅದೇ. ಅದನ್ನು ಬೋರು ಮಾಡಿಸಿ ತುಸು ದೊಡ್ಡ ಅಳತೆಯ ಪಿಸ್ಟನ್ನು ಹಾಕಬಹುದು; ಬೋರು ಮಾಡಲು ಎಡೆಯಿಲ್ಲದಷ್ಟು ಸವೆದಿದ್ದರೆ ಸ್ಲೀವು ತೊಡಿಸಬಹುದು. ಕ್ರ್ಯಾಂಕನ್ನು ಅರೆಸಿ ಅದಕ್ಕೊಪ್ಪುವ ಬೇರಿಂಗು ಕೂಡ್ರಿಸಬಹುದು. ಕಾವಿಗೆ ಬಾಗಿದ ಹೆಡ್ಡನ್ನು ಸಮತಟ್ಟುಗೊಳಿಸಬಹುದು. ಕಬ್ಬಿಣವನ್ನು ಕೂದಲೆಳೆಯ ಲೆಕ್ಕದಲ್ಲಿ ತುರಿಯುವುದೇ ನಿತ್ಯದ ಕಾಯಕವಾಗಿರುವ ಭೋಸರಿಗೆ ಇದು ಅಸಾಧ್ಯವಲ್ಲ. ಬಿಜಾಪುರ, ಕಲಬುರ್ಗಿ, ಬೀದರಗಳಿಂದ ಬಂದು ಲೇಥಿನ ಮುಂದೆ ನಿಂತಿರುವ ನಮ್ಮ ತರುಣರು ಹಿರಿಯ ಮಿಸ್ತ್ರಿಗಳ ಕೈಕೆಳಗೆ ಈ ವಿದ್ಯೆಯನ್ನು ಕಲಿಯಬೇಕಾದುದು ಈಗಲೇ. ಗಾಡಿಗಳೆಲ್ಲ ಗುಜರಿಗೆ ಹೋದ ಮೇಲೆ ಕಲಿಸುವವರೂ ಉಳಿಯಲಾರರು.

ಕಾನೂನಿನ ಮಾತೂ ಉಂಟು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ನೋಂದಣಿ ಪತ್ರದ ವಿವರಗಳಿಗೆ ವ್ಯತ್ಯಾಸವಾಗುವಂಥ ಮಾರ್ಪಾಡನ್ನು ಮನಬಂದಂತೆ ಮಾಡುವಂತಿಲ್ಲ. ಸಾರಿಗೆ ಕಚೇರಿಯ ಅನುಮತಿ ಬೇಕು. ಮೇಲಾಗಿ 2021ರ ಜುಲೈಯಲ್ಲಿ ಬಂದ ಕೇಂದ್ರ ನಿಯಮಗಳ ಮೇರೆಗೆ, ಮೊದಲ ನೋಂದಣಿಯಿಂದ 50 ವರ್ಷ ಮೀರಿ ಮೂಲರೂಪದಲ್ಲಿರುವ ಖಾಸಗಿ ಗಾಡಿಗೆ 'ವಿಂಟೇಜ್' ಮನ್ನಣೆ ದೊರೆಯುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಅಂಥ ಗಾಡಿ ಪ್ರದರ್ಶನ, ರ್‍ಯಾಲಿಗಳಿಗೇ ಹೊರತು ನಿತ್ಯದ ಓಡಾಟಕ್ಕಲ್ಲ. 1970ರ ದಶಕದ ಮೊದಲ ಗಾಡಿಗಳು ಈ ಗಡಿಯನ್ನು ಈಗಾಗಲೇ ದಾಟಿವೆ. ಮೂಲ ಇಂಜಿನನ್ನು ಉಳಿಸಿಕೊಂಡವನಿಗೆ ಈ ಬಾಗಿಲು ತೆರೆದಿದೆ. ಅನ್ಯ ಇಂಜಿನು ಕೂಡ್ರಿಸಿದವನು ಅದನ್ನು ತನ್ನ ಕೈಯಾರೆ ಮುಚ್ಚಿಕೊಂಡಂತೆ.

ಇಂಧನದ ವಿಷಯದಲ್ಲಿಯೂ ಎಚ್ಚರ ಬೇಕು. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲು ಬೆರೆತಿರುತ್ತದೆ. ಅದು ಹಳೆಯ ರಬ್ಬರನ್ನು ಕೆಡಿಸುತ್ತದೆ, ಗಾಳಿಯ ತೇವವನ್ನು ಹೀರುತ್ತದೆ. ಆದುದರಿಂದ ಪೆಟ್ರೋಲಿನ ಕೊಳವೆ, ಪಂಪಿನ ಪೊರೆ, ಕಾರ್ಬ್ಯುರೇಟರಿನ ಗ್ಯಾಸ್ಕೆಟುಗಳನ್ನು ಎಥನಾಲು ತಾಳುವಂಥವಕ್ಕೆ ಬದಲಿಸಬೇಕು. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವವರು ಟಾಕಿಯಲ್ಲಿ ಹಳೆಯ ಪೆಟ್ರೋಲು ಉಳಿಸಬಾರದು. ಸೋರುವ ಕೊಳವೆಯೆಂದರೆ ಬೆಂಕಿಗೆ ಆಹ್ವಾನ.

ಬ್ಲಾಕೇ ಸೀಳಿ ದುರಸ್ತಿಗೆ ಮೀರಿದ್ದರೆ ಬದಲಾವಣೆ ಅನಿವಾರ್ಯ. ಆಗಲೂ ಅದೇ ಜಾತಿಯ ಇಂಜಿನನ್ನು ಕಾಗದಪತ್ರಗಳೊಂದಿಗೆ ಕೊಳ್ಳುವುದು ಮೇಲು. ಭಾರವಾದ ಡೀಸೆಲ್ ಇಂಜಿನನ್ನು ತುರುಕಿದರೆ ಮುಂಭಾಗದ ಸ್ಪ್ರಿಂಗು, ಬ್ರೇಕು, ಗೇರುಪೆಟ್ಟಿಗೆಗಳೂ ಬದಲಾಗಬೇಕಾದೀತು, ಉಳಿತಾಯವೆಂದುಕೊಂಡದ್ದು ದುಂದಾದೀತು. ತೆಗೆದ ಹಳೆಯ ಇಂಜಿನನ್ನು ಎಣ್ಣೆ ಸವರಿ, ನಂಬರು ಅಳಿಯದಂತೆ ಜೋಪಾನವಾಗಿ ಇರಿಸಿಕೊಳ್ಳಿರಿ. ಇಂದು ಆಗದ ರಿಪೇರಿಗೆ ನಾಳೆ ಜಾಣ ಕೈಯೊಂದು ಸಿಕ್ಕೀತು. ತೂಕಕ್ಕೆ ಮಾರಿದ ಕಬ್ಬಿಣವು ಮಾತ್ರ ಮರಳಿ ಬಾರದು.