ಹಲವು ಹಾದಿಯ ಪಥಿಕ

ಮನುಷ್ಯನು ಒಂದು ಕಸುಬನ್ನು ಹಿಡಿದು ಅದರಲ್ಲಿಯೇ ಪರಿಣತನಾಗಬೇಕೆಂಬುದು ಲೋಕರೂಢಿಯ ಮಾತು. ಇಂದು ಒಂದಕ್ಕೆ, ನಾಳೆ ಇನ್ನೊಂದಕ್ಕೆ ಕೈಹಾಕುವವನನ್ನು ಜನರು ಚಂಚಲನೆಂದು ಕರೆಯುತ್ತಾರೆ. ಆ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಹಲವು ಹಾದಿಗಳನ್ನು ತುಳಿದವರೆಲ್ಲರೂ ದಾರಿತಪ್ಪಿದವರಲ್ಲ. ಒಂದೇ ಪ್ರಶ್ನೆಗೆ ಉತ್ತರವನ್ನು ಅರಸುತ್ತ ಹಲವು ಹಾದಿಗಳಲ್ಲಿ ನಡೆದವರೂ ಉಂಟು. ಕನ್ನಡನಾಡಿನಲ್ಲಿ ಅಂಥವರನ್ನು ನೆನೆಯುವಾಗ ಮೊದಲು ನಾಲಗೆಗೆ ಬರುವ ಹೆಸರು ಕೋಟ ಶಿವರಾಮ ಕಾರಂತರದು.

ಕಾರಂತರು 1902ನೆಯ ಅಕ್ಟೋಬರ್ 10ರಂದು ಇಂದಿನ ಉಡುಪಿ ಜಿಲ್ಲೆಯ ಕೋಟದಲ್ಲಿ ಹುಟ್ಟಿದರು. ಮಂಗಳೂರಿನಲ್ಲಿ ಕಾಲೇಜು ವಿದ್ಯಾರ್ಥಿಯಾಗಿದ್ದಾಗ ಗಾಂಧೀಜಿಯವರ ಅಸಹಕಾರದ ಕರೆ ಅವರ ಕಿವಿಗೆ ಬಿದ್ದಿತು. ಕೂಡಲೆ ಓದನ್ನು ಬಿಟ್ಟು ಚಳವಳಿಗೆ ಧುಮುಕಿದರು. ಖಾದಿಯ ಪ್ರಚಾರಕ್ಕಾಗಿ ಹಳ್ಳಿಹಳ್ಳಿ ತಿರುಗಿದರು. ಅದೇ ಪ್ರಾಯದಲ್ಲಿ ಅಧ್ಯಾತ್ಮದ ಸೆಳೆತವೂ ಅವರನ್ನು ಹಿಡಿಯಿತು. ಕೆಲಕಾಲ ಸಾಧನೆಯ ಮಾರ್ಗದಲ್ಲಿ ನಡೆದು ನೋಡಿದರು. ಆದರೆ ತಮ್ಮ ಅನುಭವಕ್ಕೆ ನಿಲುಕದ್ದನ್ನು, ಹಿರಿಯರು ಹೇಳಿದರೆಂಬ ಒಂದೇ ಕಾರಣಕ್ಕೆ ನಂಬುವುದು ಅವರಿಂದಾಗಲಿಲ್ಲ. ಮನುಷ್ಯನು ಹೇಗೆ ಬದುಕಿದರೆ ಆ ಬದುಕಿಗೆ ಬೆಲೆ ಬರುತ್ತದೆ? ಈ ಪ್ರಶ್ನೆಗೆ ಪರಲೋಕದಲ್ಲಿ ಉತ್ತರವನ್ನು ಹುಡುಕುವ ಬದಲು ಕಣ್ಣೆದುರಿನ ಲೋಕದಲ್ಲಿಯೇ ಹುಡುಕಲು ಅವರು ಹೊರಟರು. ಮುಂದಿನ ಏಳು ದಶಕಗಳ ದುಡಿಮೆಯೆಲ್ಲ ಆ ಹುಡುಕಾಟದ ಕಥೆಯೇ ಆಗಿದೆ.

ಅವರು ಹಿಡಿದ ಹಾದಿಗಳಲ್ಲಿ ಮಕ್ಕಳ ಶಿಕ್ಷಣವೂ ಒಂದು. ಮಗುವಿನ ಸಹಜ ಕುತೂಹಲವನ್ನು ಕೊಂದು, ಪಾಠವನ್ನು ಉರುಹೊಡೆಸುವ ಶಿಕ್ಷಣ ಅವರಿಗೆ ಒಗ್ಗಲಿಲ್ಲ. ಪುತ್ತೂರಿನ ‘ಬಾಲವನ’ದಲ್ಲಿ ಆಟ, ಹಾಡು, ಕುಣಿತಗಳ ಮೂಲಕ ಕಲಿಸುವ ಪ್ರಯೋಗಗಳನ್ನು ಅವರು ನಡೆಸಿದರು. ಕನ್ನಡದ ಮಕ್ಕಳಿಗೆ ಲೋಕವನ್ನು ಪರಿಚಯಿಸುವ ಗ್ರಂಥವಿಲ್ಲವೆಂದು ಕೊರಗುತ್ತ ಕುಳಿತುಕೊಳ್ಳದೆ, 1936ರಲ್ಲಿ ‘ಬಾಲ ಪ್ರಪಂಚ’ವೆಂಬ ಮೂರು ಸಂಪುಟಗಳ ವಿಶ್ವಕೋಶವನ್ನು ಹೊರತಂದರು. ಮುಂದೆ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳು ಬಂದವು. ವಿದ್ವಾಂಸರ ದೊಡ್ಡ ಮಂಡಲಿಯೊಂದು ಮಾಡಬೇಕಾದ ಕೆಲಸವನ್ನು ಒಬ್ಬರೇ ಮಾಡಿದರು. ಕಾಲೇಜನ್ನು ನಡುವೆಯೇ ಬಿಟ್ಟವರು ಸಸ್ಯ, ಪ್ರಾಣಿ, ನಕ್ಷತ್ರ, ಯಂತ್ರ ಮೊದಲಾದವನ್ನು ಮೊದಲು ತಾವು ಓದಿ ತಿಳಿದು, ಬಳಿಕ ಕನ್ನಡದಲ್ಲಿ ತಿಳಿಯಹೇಳಿದರು. ತಿಳಿದವನು ಬರೆಯುತ್ತಾನೆಂಬುದು ಸಾಮಾನ್ಯ. ಬರೆಯುವುದಕ್ಕಾಗಿಯೇ ತಿಳಿಯುವ ಶ್ರಮವನ್ನು ಹೊತ್ತದ್ದು ಕಾರಂತರ ವೈಶಿಷ್ಟ್ಯ.

ಇನ್ನೊಂದು ಹಾದಿ ಯಕ್ಷಗಾನದ್ದು. ಕರಾವಳಿಯ ಈ ಕಲೆಯನ್ನು ಅವರು ಬರಿಯ ಪ್ರೇಕ್ಷಕನಂತೆ ಮೆಚ್ಚಿ ಸುಮ್ಮನಾಗಲಿಲ್ಲ. ಹಳೆಯ ತಾಳೆಗರಿಗಳನ್ನು ಹುಡುಕಿದರು. ಭಾಗವತರಿಂದ ರಾಗತಾಳಗಳನ್ನು ಕೇಳಿ ತಿಳಿದರು. ವೇಷಭೂಷಣಗಳ ಬಣ್ಣಗಳನ್ನು ಅಭ್ಯಾಸ ಮಾಡಿದರು. ಈ ಸಂಶೋಧನೆಯ ಫಲವಾದ ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಇರುಳಿಡೀ ನಡೆಯುವ ಆಟವನ್ನು ಕೆಲವು ಗಂಟೆಗಳಿಗೆ ಇಳಿಸಿ, ಮಾತನ್ನು ಮೊಟಕುಗೊಳಿಸಿ, ಕುಣಿತಕ್ಕೆ ಪ್ರಾಧಾನ್ಯ ಕೊಟ್ಟು ನೃತ್ಯರೂಪಕಗಳನ್ನು ರಚಿಸಿದರು. ಹಿಮ್ಮೇಳಕ್ಕೆ ಪಿಟೀಲನ್ನೂ ಸ್ಯಾಕ್ಸೊಫೋನನ್ನೂ ಸೇರಿಸಿದರು. ಸಂಪ್ರದಾಯನಿಷ್ಠರು ಇದನ್ನು ಒಪ್ಪಲಿಲ್ಲ. ಯಕ್ಷಗಾನದ ಜೀವವಾದ ಅರ್ಥಗಾರಿಕೆಯೇ ಹೋಯಿತೆಂಬ ಅವರ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಆದರೆ ಪರಂಪರೆಯನ್ನು ಬದಲಿಸಲು ಹೊರಟವರು ಅದನ್ನು ಮೊದಲು ಬೇರುಸಹಿತ ಅರಿತುಕೊಂಡಿದ್ದರೆಂಬುದನ್ನು ಮರೆಯಬಾರದು.

ಹೀಗೆ ಊರೂರು ತಿರುಗಿ ಕಂಡ ಜನರೇ ಅವರ ಕಾದಂಬರಿಗಳಲ್ಲಿ ಜೀವ ತಳೆದರು. ನಲವತ್ತಕ್ಕೂ ಹೆಚ್ಚು ಕಾದಂಬರಿಗಳನ್ನು ಅವರು ಬರೆದಿದ್ದಾರೆ. ‘ಚೋಮನ ದುಡಿ’ಯ ಚೋಮನು ಅಸ್ಪೃಶ್ಯನೆನಿಸಿಕೊಂಡವನು, ತುಂಡು ಭೂಮಿಯನ್ನು ತನ್ನದೆಂದು ಉಳಬೇಕೆಂಬುದೊಂದೇ ಅವನ ಆಸೆ. ಆ ಆಸೆ ಕೈಗೂಡದ ಸಂಕಟವನ್ನೆಲ್ಲ ಅವನು ದುಡಿಯ ಬಡಿತದಲ್ಲಿ ಹೊರಹಾಕುತ್ತಾನೆ. ‘ಬೆಟ್ಟದ ಜೀವ’ದ ಗೋಪಾಲಯ್ಯನವರು ಕಾಡಿನ ನಡುವೆ ತೋಟವನ್ನು ಎಬ್ಬಿಸಿದ ಮುದುಕರು, ಮಗನು ಮನೆಬಿಟ್ಟು ಹೋದ ನೋವನ್ನು ಒಳಗಿಟ್ಟುಕೊಂಡು ದುಡಿಮೆಯಲ್ಲಿಯೂ ಅತಿಥಿಸತ್ಕಾರದಲ್ಲಿಯೂ ನೆಮ್ಮದಿಯನ್ನು ಕಾಣುವವರು. ಬದುಕಿಗೆ ಅರ್ಥವೇನೆಂಬ ಪ್ರಶ್ನೆಗೆ ಚೋಮನ ದುಡಿಯೂ ಒಂದು ಉತ್ತರ, ಗೋಪಾಲಯ್ಯನವರ ತೋಟವೂ ಒಂದು ಉತ್ತರ.

ಈ ಪ್ರಶ್ನೆ ಅತ್ಯಂತ ಸ್ಪಷ್ಟವಾಗಿ ಕಾಣಿಸಿಕೊಳ್ಳುವುದು 1960ರಲ್ಲಿ ಪ್ರಕಟವಾದ ‘ಅಳಿದ ಮೇಲೆ’ ಕಾದಂಬರಿಯಲ್ಲಿ. ರೈಲಿನಲ್ಲಿ ಪರಿಚಯವಾದ ಯಶವಂತರಾಯರೆಂಬವರು ತೀರಿಕೊಂಡ ಬಳಿಕ, ಅವರು ಬಿಟ್ಟುಹೋದ ಬರಹಗಳನ್ನೂ ಚಿತ್ರಗಳನ್ನೂ ಆಧಾರವಾಗಿರಿಸಿಕೊಂಡು ನಿರೂಪಕನು ಅವರ ಬದುಕನ್ನು ಅರಿಯಲು ಹೊರಡುತ್ತಾನೆ. ಸಮಾಜದಿಂದ ಪಡೆದದ್ದೆಷ್ಟು, ಅದಕ್ಕೆ ಹಿಂದಿರುಗಿಸಿದ್ದೆಷ್ಟು ಎಂಬ ಲೆಕ್ಕವೇ ಅಲ್ಲಿ ಬದುಕಿನ ಅಳತೆಗೋಲು. ಅನ್ನ, ಭಾಷೆ, ಬಟ್ಟೆ, ವಿದ್ಯೆ ಎಲ್ಲವೂ ನಮಗೆ ಇತರರಿಂದ ಬಂದವು. ಆದುದರಿಂದ ಬದುಕು ಒಂದು ಋಣ. ಪಡೆದುದಕ್ಕಿಂತ ಹೆಚ್ಚನ್ನು ಕೊಟ್ಟುಹೋಗಲು ಹೆಣಗುವುದೇ ಬದುಕಿನ ಸಾರ್ಥಕತೆ. ಕಾರಂತರ ಚಟುವಟಿಕೆಗಳೆಲ್ಲವನ್ನೂ ಪೋಣಿಸಿದ ದಾರ ಇದೇ. 1968ರ ‘ಮೂಕಜ್ಜಿಯ ಕನಸುಗಳು’ ಕಾದಂಬರಿಯ ಅಜ್ಜಿಯು ದೇವರು, ಧರ್ಮಗಳ ವಿಚಾರದಲ್ಲಿ ನಿರ್ಭಯವಾಗಿ ಆಡುವ ಮಾತುಗಳ ಹಿಂದೆಯೂ ಈ ಇಹಲೋಕದ ಬದುಕಿನ ಮೇಲಣ ಗೌರವವಿದೆ. ಈ ಕೃತಿಗೆ 1977ರ ಜ್ಞಾನಪೀಠ ಪ್ರಶಸ್ತಿ ಸಂದಿತು.

ಕೈಯಿಟ್ಟುದೆಲ್ಲವೂ ಅವರಿಗೆ ಕೈಗೂಡಿತೆಂದು ಭಾವಿಸಬಾರದು. ಮೂಕಿ ಚಿತ್ರಗಳ ಕಾಲದಲ್ಲಿ ತಾವೇ ಚಲನಚಿತ್ರವನ್ನು ತಯಾರಿಸಲು ಹೊರಟರು. ಆ ಸಾಹಸ ಬೇರೂರಲಿಲ್ಲ. ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣ ಪ್ರಶಸ್ತಿಯನ್ನು ಹಿಂದಿರುಗಿಸಿದರು. ಕೈಗಾದ ಅಣುಸ್ಥಾವರದಿಂದ ಕಾಡಿಗೂ ಜನರಿಗೂ ಹಾನಿಯೆಂದು ವಿರೋಧಿಸಿ, 1989ರಲ್ಲಿ, ಎಂಬತ್ತೇಳರ ಮುಪ್ಪಿನಲ್ಲಿ, ಲೋಕಸಭಾ ಚುನಾವಣೆಗೆ ನಿಂತು ಸೋತರು. ಸ್ಥಾವರವೂ ನಿಲ್ಲಲಿಲ್ಲ, 2000ದಲ್ಲಿ ಅಲ್ಲಿ ವಿದ್ಯುತ್ತಿನ ವಾಣಿಜ್ಯ ಉತ್ಪಾದನೆ ಆರಂಭವಾಯಿತು. ಗೆಲುವೊಂದನ್ನೇ ಗುರಿಯಾಗಿರಿಸಿಕೊಂಡವನಿಗೆ ಇವೆಲ್ಲ ವ್ಯರ್ಥವೆನಿಸಬಹುದು. ಸರಿಯೆಂದು ತೋರಿದುದನ್ನು ಮಾಡಿ ನೋಡದೆ ಬಿಡುವುದೇ ನಿಜವಾದ ಸೋಲೆಂದು ಬಗೆದವರಿಗೆ ಹಾಗೆ ಅನಿಸದು.

ಇಷ್ಟೊಂದು ಹಾದಿಗಳಲ್ಲಿ ಹರಿದುಹೋಗದೆ ಕಾದಂಬರಿಯೊಂದಕ್ಕೇ ಅವರು ತಮ್ಮ ಶಕ್ತಿಯನ್ನೆಲ್ಲ ಮೀಸಲಿಟ್ಟಿದ್ದರೆ ಲೇಸಾಗುತ್ತಿರಲಿಲ್ಲವೆ ಎಂದು ಕೇಳುವವರುಂಟು. ಈ ಪ್ರಶ್ನೆ ಸಹಜವಾದುದೇ. ಆದರೆ ಕರಾವಳಿಯ ಹಳ್ಳಿಗಳಲ್ಲಿ ತಿರುಗದಿದ್ದರೆ ಚೋಮನನ್ನು ಅವರು ಎಲ್ಲಿ ಕಾಣುತ್ತಿದ್ದರು? ವಿಜ್ಞಾನವನ್ನೂ ಪ್ರಾಚೀನ ಇತಿಹಾಸವನ್ನೂ ಓದದಿದ್ದರೆ ಮೂಕಜ್ಜಿಯ ಕಣ್ಣಿಗೆ ಸಾವಿರಾರು ವರ್ಷಗಳ ಹಿಂದಿನ ಲೋಕ ಹೇಗೆ ತೆರೆದುಕೊಳ್ಳುತ್ತಿತ್ತು? ಹಲವು ಹಳ್ಳಗಳು ಕೂಡಿಯಲ್ಲವೆ ಹೊಳೆ ತುಂಬಿ ಹರಿಯುವುದು? ತಮ್ಮ ಆತ್ಮಕಥೆಗೆ ಅವರು ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎಂದು ಹೆಸರಿಟ್ಟರು. ಮುಖಗಳು ಹತ್ತಾದರೂ ಮನಸ್ಸು ಒಂದೇ ಎಂಬುದು ಆ ಹೆಸರಿನಲ್ಲಿಯೇ ಅಡಗಿದೆ.

1997ರ ಡಿಸೆಂಬರ್ 9ರಂದು ಕಾರಂತರು ತೀರಿಕೊಂಡರು. ಬದುಕಿನ ಅರ್ಥ ಇದೇ ಎಂದು ಅವರು ಯಾರಿಗೂ ಸೂತ್ರವೊಂದನ್ನು ಬರೆದುಕೊಡಲಿಲ್ಲ. ಅದನ್ನು ಅರಸುವ ಬಗೆಯನ್ನು ಬದುಕಿ ತೋರಿಸಿದರು. ಮುಂದೆ ಯಾವ ದಾರಿಯನ್ನು ಹಿಡಿಯಬೇಕೆಂಬ ಯೋಚನೆ ನಿಮ್ಮಲ್ಲಿ ಮೂಡುವ ಕಾಲವಿದು. ಹಲವು ವಿಷಯಗಳು ಮನಸ್ಸನ್ನು ಸೆಳೆದರೆ ಅಂಜಬೇಕಾಗಿಲ್ಲ. ಕೈಗೆತ್ತಿಕೊಂಡುದನ್ನು ಶ್ರದ್ಧೆಯಿಂದ ಕಲಿತೆನೇ, ಆ ಕಲಿಕೆಯಿಂದ ನಾಲ್ವರಿಗೆ ಉಪಕಾರವಾಯಿತೇ ಎಂದು ನಮ್ಮನ್ನು ನಾವೇ ಕೇಳಿಕೊಂಡರೆ ಸಾಕು.